ಮೂಲ್ಕಿಯಲ್ಲೊಂದು ಫ್ರೇಮ್ ರಿಲೇ ಸ್ವಿಚ್

ಫ್ರೇಮ್ ರಿಲೇ ಅಂದರೆ ದೂರದ ಕಚೇರಿಗಳ ರೂಟರ್‌ಗಳನ್ನು ಜೋಡಿಸುವ ಹಳೆಯ ವಿಧಾನ. ಸಿಸಿಎನ್‌ಎ ಎಂಬ ಸಿಸ್ಕೋದ ನೆಟ್‌ವರ್ಕ್ ಪರೀಕ್ಷೆಯ ಸಿಲಬಸ್‌ನಿಂದ ಅದು 2016ರಲ್ಲೇ ಹೊರಗೆ ಹೋಗಿದೆ. ಮತ್ತೆ ಯಾಕೆ ಓದಬೇಕು ಅಂತ ನೀವು ಕೇಳಬಹುದು. ಎಂಪಿಎಲ್‌ಎಸ್ ಎಂಬ ಹೊಸ ವಿಧಾನದಲ್ಲಿ ಪ್ಯಾಕೆಟ್‌ಗೆ ಅಂಟಿಸುವ, ದಾರಿಯಲ್ಲಿ ಬದಲಾಗುವ ನಂಬರ್, ಅಂದರೆ ಲೇಬಲ್, ನನ್ನ ತಲೆಗೆ ಹೋಗಿದ್ದೇ ಇದನ್ನು ಕೈಯಾರೆ ಮಾಡಿದ ಮೇಲೆ.

ಮಣಿಪಾಲದ ನನ್ನ ರೂಮಿನಲ್ಲಿ ಮೂರು ಸೆಕೆಂಡ್ ಹ್ಯಾಂಡ್ ಸಿಸ್ಕೋ ರೂಟರ್‌ಗಳಿವೆ. ಒಂದಕ್ಕೆ ಮಂಗಳೂರು, ಇನ್ನೊಂದಕ್ಕೆ ಉಡುಪಿ ಅಂತ ಹೆಸರಿಟ್ಟೆ. ನಡುವಿನದು ಮೂಲ್ಕಿ. ಸ್ವಿಚ್ ಕೆಲಸ ಅದರದ್ದೇ. ಇದು ಐಪಿ ವಿಳಾಸ ನೋಡುವುದಿಲ್ಲ, ಡಿಎಲ್‌ಸಿಐ ಎಂಬ ನಂಬರ್ ಮಾತ್ರ ನೋಡುತ್ತದೆ.

ಎಲ್ಲರೂ ಎಡವುವುದು ಈ ನಂಬರ್‌ನಲ್ಲೇ. ಊರಿನ ಒಂದು ಅಂಗಡಿಯ ಉದ್ರಿ ಪುಸ್ತಕದಲ್ಲಿ ನಮ್ಮ ಮನೆಯದು 102ನೇ ಪುಟ, ಪೇಟೆಯ ಅಂಗಡಿಯಲ್ಲಿ 201. ಇಲ್ಲಿಯ ಪುಟ ಅಲ್ಲಿ ಹೇಳಿದರೆ ಯಾರದೋ ಸಾಲ ನಮ್ಮ ತಲೆಗೆ! ಡಿಎಲ್‌ಸಿಐ ಕೂಡ ಹಾಗೆಯೇ, ಆ ಒಂದು ತಂತಿಯ ಮಟ್ಟಿಗೆ ಮಾತ್ರ ಅರ್ಥ. 102 ಅಂತ ಒಳಗೆ ಬಂದದ್ದನ್ನು ಮೂಲ್ಕಿ 201 ಅಂತ ಬದಲಿಸಿ ಹೊರಗೆ ಕಳಿಸುತ್ತದೆ.

ಮೂಲ್ಕಿಯಲ್ಲಿ ಮೊದಲು ಗ್ಲೋಬಲ್ ಮೋಡ್‌ನಲ್ಲಿ ‘ಫ್ರೇಮ್-ರಿಲೇ ಸ್ವಿಚಿಂಗ್’ ಕೊಡಿ. ಆಮೇಲೆ ಮಂಗಳೂರಿನ ಕಡೆಯ ಸೀರಿಯಲ್ 0/0ಕ್ಕೆ:

ಎನ್‌ಕ್ಯಾಪ್ಸುಲೇಶನ್ ಫ್ರೇಮ್-ರಿಲೇ
ಕ್ಲಾಕ್ ರೇಟ್ 64000
ಫ್ರೇಮ್-ರಿಲೇ ಇಂಟ್‌ಎಫ್-ಟೈಪ್ ಡಿಸಿಇ
ಫ್ರೇಮ್-ರಿಲೇ ರೂಟ್ 102 ಇಂಟರ್‌ಫೇಸ್ ಸೀರಿಯಲ್ 0/1 201
ನೋ ಶಟ್‌ಡೌನ್

ಉಡುಪಿ ಕಡೆಯ 0/1ಕ್ಕೂ ಇದೇ, ರೂಟ್ ಸಾಲು ಮಾತ್ರ ತಿರುಗಾಮುರುಗಾ: 201 ಒಳಗೆ, 0/0ರಲ್ಲಿ 102 ಹೊರಗೆ. ನಾನು ಮೊದಲ ದಿನ ಒಂದೇ ಕಡೆ ಬರೆದು, ಪಿಂಗ್ (ಆಚೆ ತುದಿ ಉತ್ತರಿಸುತ್ತದೆಯೇ ಎಂಬ ಪರೀಕ್ಷೆ) ಆಗ್ತಾ ಇಲ್ಲ ಅಂತ ಸುಮ್ನೆ ಕೇಬಲ್ ಬದಲಿಸುತ್ತಾ ಕೂತಿದ್ದೆ.

ಇಲ್ಲಿ ಡಿಸಿಇ ಎಂಬ ಹೆಸರಿಗೆ ಎರಡು ಅರ್ಥ ಇವೆ, ಗಮನಿಸಿದಿರಾ? ಕ್ಲಾಕ್ ಕೊಡುವ ಡಿಸಿಇಯನ್ನು ಕೇಬಲ್‌ನ ತುದಿ ನಿರ್ಧರಿಸುತ್ತದೆ, ‘ಶೋ ಕಂಟ್ರೋಲರ್ಸ್’ನಲ್ಲಿ ಕಾಣುತ್ತದೆ. ‘ಇಂಟ್‌ಎಫ್-ಟೈಪ್ ಡಿಸಿಇ’ ಬೇರೆಯೇ ಮಾತು: ಎಲ್‌ಎಂಐ, ಅಂದರೆ ರೂಟರ್ ಸ್ವಿಚ್‌ನ ಬಳಿ ಸ್ಥಿತಿ ವಿಚಾರಿಸುವ ಪ್ರಶ್ನೆಗೆ ಉತ್ತರ ಕೊಡುವವರು ನಾವು ಅಂತ ಅದರ ಅರ್ಥ. ಮಂಗಳೂರು, ಉಡುಪಿ ಎರಡೂ ಡಿಟಿಇ, ಅಂದರೆ ಪ್ರಶ್ನೆ ಕೇಳುವ ಕಡೆ. 10 ಸೆಕೆಂಡಿಗೊಮ್ಮೆ ಕೇಳುತ್ತಲೇ ಇರುತ್ತವೆ.

ಎಲ್‌ಎಂಐಯಲ್ಲಿ ಸಿಸ್ಕೋ, ಆನ್ಸಿ, ಕ್ಯೂ933ಎ ಅಂತ ಮೂರು ಬಗೆ. ನಮ್ಮ ಹಂಪನಕಟ್ಟೆಯ ಅಂಗಡಿಯವರು ಗಿರಾಕಿ ನೋಡಿ ತುಳು, ಕೊಂಕಣಿ, ಬ್ಯಾರಿ ಬದಲಿಸುತ್ತಾರಲ್ಲ, ಡಿಟಿಇ ರೂಟರ್ ಕೂಡ ಹಾಗೆ ತಾನೇ ಹೊಂದಿಕೊಳ್ಳುತ್ತದೆ. ನೀವು ಬಗೆಯನ್ನು ಕೈಯಾರೆ ಬರೆದಿರಬಾರದು ಅಷ್ಟೇ.

ಕೆಟ್ಟಾಗ ಮಂಗಳೂರಿನಲ್ಲಿ ‘ಶೋ ಫ್ರೇಮ್-ರಿಲೇ ಪಿವಿಸಿ’ ನೋಡಿ (ಪಿವಿಸಿ ಅಂದರೆ ಎರಡು ತುದಿಗಳ ನಡುವಿನ ಕಾಯಂ ದಾರಿ). ಡಿಲೀಟೆಡ್ ಅಂದರೆ ಆ ನಂಬರ್ ಮೂಲ್ಕಿಗೆ ಗೊತ್ತೇ ಇಲ್ಲ. ಇನ್‌ಆ್ಯಕ್ಟಿವ್ ಅಂದರೆ ಮೂಲ್ಕಿವರೆಗೆ ಸರಿ ಇದೆ, ತೊಂದರೆ ಅದರಾಚೆ. ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಕಮ್ಮಿ.

ಎಲ್ಲ ಆ್ಯಕ್ಟಿವ್ ಆಗಿ, ಉಡುಪಿಗೆ ಪಿಂಗ್ ಹೋದ ಮೇಲೂ ಮಂಗಳೂರು ತನ್ನದೇ ವಿಳಾಸ 10.1.1.1ಕ್ಕೆ ಪಿಂಗ್ ಮಾಡಲಾರದು. ಗಾಬರಿ ಬೇಡ. ಆ ಪ್ಯಾಕೆಟ್ ಕೂಡ ಹೊರಗೆ ಹೋಗಲೇಬೇಕು, ಆದರೆ ಅದಕ್ಕೆ ಮ್ಯಾಪ್ (ಯಾವ ಐಪಿಗೆ ಯಾವ ಡಿಎಲ್‌ಸಿಐ ಎಂಬ ನಮೂದು) ಇಲ್ಲ. ‘ಫ್ರೇಮ್-ರಿಲೇ ಮ್ಯಾಪ್ ಐಪಿ 10.1.1.1 102’ ಕೊಡಿ. ಹಾಗೆ ಕೈಯಾರೆ ಬರೆದರೆ ಆ ಡಿಎಲ್‌ಸಿಐಯಲ್ಲಿ ಇನ್ವರ್ಸ್ ಎಆರ್‌ಪಿ, ಅಂದರೆ ಆಚೆ ತುದಿಯ ಐಪಿಯನ್ನು ತಾನೇ ಕೇಳಿ ಮ್ಯಾಪ್ ಮಾಡಿಕೊಳ್ಳುವ ವ್ಯವಸ್ಥೆ, ನಿಲ್ಲುತ್ತದೆ. ಆದ್ದರಿಂದ ಉಡುಪಿಯ ವಿಳಾಸಕ್ಕೂ ಮ್ಯಾಪ್ ಬರೆಯಿರಿ, ಕೊನೆಗೆ ‘ಬ್ರಾಡ್‌ಕಾಸ್ಟ್’ ಸೇರಿಸಿ. ಈಗ ಮಂಗಳೂರು ತನ್ನನ್ನೇ ಕರೆದರೆ, ಆ ಕರೆ ಮೂಲ್ಕಿ ದಾಟಿ ಉಡುಪಿಗೆ ಹೋಗಿ ವಾಪಸ್ ಬರುತ್ತದೆ.