ಟ್ಯಾಂಕಿಗೂ ಹೆಪ್ಪು ಹಾಕಬೇಕು

ಮೊದಲ ಸಲ ಅಕ್ವೇರಿಯಂ ತಂದಾಗ ನನ್ನ ಎಂಟು ಮೀನುಗಳಲ್ಲಿ ಆರು ಐದು ದಿನದೊಳಗೆ ಸತ್ತವು. ಶಿವಮೊಗ್ಗದಿಂದ ತೀರ್ಥಹಳ್ಳಿವರೆಗೆ ಬಸ್ಸಿನಲ್ಲಿ ಎರಡಡಿ ಗಾಜಿನ ಟ್ಯಾಂಕನ್ನು ತೊಡೆ ಮೇಲೆ ಇಟ್ಟುಕೊಂಡು, ಮೀನಿನ ಕವರನ್ನು ಪಕ್ಕದ ಸೀಟಿನ ಅಜ್ಜಿಯ ಕೈಗೆ ಕೊಟ್ಟು, ಅಷ್ಟು ಜೋಪಾನವಾಗಿ ತಂದಿದ್ದೆ. ಮನೆಗೆ ಬಂದವನೇ ಟ್ಯಾಂಕ್ ತೊಳೆದು, ತಳಕ್ಕೆ ಬಿಳಿ ಹವಳದ ಚೂರು ಹಾಸಿ, ಬಾವಿ ನೀರು ತುಂಬಿ, ಫಿಲ್ಟರ್ ಹಾಕಿ, ಸಂಜೆಯೊಳಗೆ ಮೀನು ಬಿಟ್ಟಾಗಿತ್ತು. ಅಂಗಡಿಯವರೂ "ಇವತ್ತೇ ಬಿಡಬಹುದು, ಏನಾಗಲ್ಲ" ಅಂದಿದ್ದರು. ಸತ್ತ ಮೀನುಗಳನ್ನು ಮಲ್ಲಿಗೆ ಗಿಡದ ಬುಡಕ್ಕೆ ಹಾಕುತ್ತಾ ಅಮ್ಮ ಕೇಳಿದರು: "ನೀರು ಅಷ್ಟು ತಿಳಿ ಇದ್ಯಲ್ಲ ಮಾರಾಯ, ಮತ್ಯಾಕೆ ಸತ್ವು?"

ಆಗ ನನಗೆ ಉತ್ತರ ಗೊತ್ತಿರಲಿಲ್ಲ. ತಿಳಿ ನೀರು ಅಂದರೆ ಒಳ್ಳೆ ನೀರು ಅಂತಲೇ ನಾನೂ ಅಂದುಕೊಂಡಿದ್ದೆ. ಆದರೆ ಮೀನನ್ನು ಕೊಂದದ್ದು ಕಣ್ಣಿಗೆ ಕಾಣುವಂಥದ್ದಲ್ಲ. ಅದು ಅಮೋನಿಯಾ.

ನಮ್ಮ ದೇಹದಲ್ಲಿ ಪ್ರೋಟೀನ್ ಕರಗಿ ಉಳಿಯುವ ಸಾರಜನಕ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. ಮೀನಿಗೆ ಅಷ್ಟೆಲ್ಲ ರಗಳೆ ಇಲ್ಲ. ಸುತ್ತ ನೀರೇ ಇರುವಾಗ ಅಮೋನಿಯಾವನ್ನು ಹಾಗೇ ಹೊರಗೆ ಬಿಡುತ್ತದೆ, ಅದೂ ಹೆಚ್ಚಿನ ಪಾಲು ಕಿವಿರಿನ ಮೂಲಕ. ಅಂದರೆ ಉಸಿರಾಡಿದಷ್ಟೂ ಹೊತ್ತು ಅಮೋನಿಯಾ ಬರುತ್ತಲೇ ಇರುತ್ತದೆ. ಅದರ ಮೇಲೆ ನಾವು ಹಾಕಿದ ಜಾಸ್ತಿ ತಿಂಡಿ ತಳದಲ್ಲಿ ಕೊಳೆತು ಇನ್ನಷ್ಟು ಸೇರಿಸುತ್ತದೆ. ಚಿಬ್ಬಲಗುಡ್ಡೆಯಲ್ಲಿ ದೇವಸ್ಥಾನದ ಹತ್ತಿರ ತುಂಗೆಗೆ ಮಂಡಕ್ಕಿ ಎರಚಿದವರಿಗೆ ಗೊತ್ತು, ಮೊಳಕೈ ಉದ್ದದ ಮೀನುಗಳು ಮೈಮೇಲೆ ಬಿದ್ದು ತಿನ್ನುತ್ತವೆ, ಎಷ್ಟು ಹಾಕಿದರೂ ಸಾಲದು. ಅಲ್ಲಿ ಹೊಳೆ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಅಂಚಿನವರೆಗೆ ತುಂಬಿದರೂ ಹಿಡಿಯುವುದು ಸುಮಾರು 56 ಲೀಟರ್. ಅದು ಎಲ್ಲಿಗೂ ಹರಿಯುವುದಿಲ್ಲ. ನಾನೋ, ಚಿಬ್ಬಲಗುಡ್ಡೆಯಲ್ಲಿ ಹಾಕುವ ಉಮೇದಿನಲ್ಲೇ ದಿನಕ್ಕೆ ನಾಲ್ಕು ಸಲ ತಿಂಡಿ ಹಾಕಿದ್ದೆ.

ಹಾಗಾದರೆ ಬೇರೆಯವರ ಟ್ಯಾಂಕಿನಲ್ಲಿ ಮೀನು ಬದುಕುವುದು ಹೇಗೆ? ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ, ಗಾಜಿನ ಒಳಮೈಗೆ ಅಂಟಿಕೊಂಡು ಬ್ಯಾಕ್ಟೀರಿಯಾಗಳಿರುತ್ತವೆ. ಕೆಲವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ, ಮೀನಿನ ರಕ್ತ ಆಮ್ಲಜನಕ ಹೊರದ ಹಾಗೆ ಮಾಡುತ್ತದೆ, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನು ಕೆಲವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇದು ಸ್ವಲ್ಪ ಇದ್ದರೆ ತೊಂದರೆ ಇಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸದು ಹಾಕಿದರೆ ಸಾಕು, ತೆಗೆದ ನೀರು ದಾಸವಾಳಕ್ಕೆ ಒಳ್ಳೆ ಗೊಬ್ಬರ.

ಈ ಎರಡು ಹೆಜ್ಜೆಗೆ ಎರಡು ಬೇರೆ ಬೇರೆ ಜಾತಿ ಬೇಕು ಅನ್ನುವುದನ್ನು 1890ರ ಹೊತ್ತಿಗೆ ಜ್ಯೂರಿಕ್‌ನಲ್ಲಿ ಕೆಲಸ ಮಾಡುತ್ತಿದ್ದ ರಷ್ಯಾದ ಸೆರ್ಗೈ ವಿನೊಗ್ರಾಡ್‌ಸ್ಕಿ ತೋರಿಸಿಕೊಟ್ಟಿದ್ದರು. ನೂರಕ್ಕೂ ಹೆಚ್ಚು ವರ್ಷ ಎಲ್ಲರೂ ಅದನ್ನೇ ನಂಬಿದ್ದರು. 2015ರಲ್ಲಿ ಎರಡೂ ಕೆಲಸವನ್ನು ಒಂದೇ ಮಾಡಿ ಮುಗಿಸುವ ನೈಟ್ರೋಸ್ಪೈರಾ ಬ್ಯಾಕ್ಟೀರಿಯಾ ಇದೆ ಅಂತ ಎರಡು ತಂಡಗಳು ಒಟ್ಟೊಟ್ಟಿಗೆ ಹೇಳಿದವು. ಒಂದು ತಂಡಕ್ಕೆ ಅದು ಸಿಕ್ಕಿದ್ದು ಎಲ್ಲಿ ಗೊತ್ತಾ? ಮೀನು ಸಾಕುವ ನೀರು ಸೋಸುವ ಫಿಲ್ಟರಿನಲ್ಲಿ!

ಹೊಸ ಟ್ಯಾಂಕಿನಲ್ಲಿ ಇವು ಇರುವುದಿಲ್ಲ, ಇದ್ದರೂ ಲೆಕ್ಕಕ್ಕಿಲ್ಲ. ಇದನ್ನು ನಮ್ಮ ಅಡುಗೆಮನೆ ಭಾಷೆಯಲ್ಲೇ ಹೇಳಬಹುದು: ಹಾಲಿಗೆ ಹೆಪ್ಪು ಹಾಕಿಲ್ಲ. ಆದರೆ ಮೊಸರಿನ ಬ್ಯಾಕ್ಟೀರಿಯಾ ರಾತ್ರಿ ಬೆಳಗಾಗುವುದರೊಳಗೆ ಪಾತ್ರೆ ತುಂಬುತ್ತದೆ, ಇವು ಮಹಾ ಸೋಮಾರಿಗಳು. ಒಂದು ಎರಡಾಗಲು ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ತೆಗೆದುಕೊಳ್ಳುತ್ತವೆ. ಹಾಗಾಗಿ ಏನೂ ಇಲ್ಲದೆ ಶುರು ಮಾಡಿದರೆ ಟ್ಯಾಂಕ್ ತಯಾರಾಗಲು ನಾಲ್ಕರಿಂದ ಆರು ವಾರ ಬೇಕು. ಚಳಿಯಲ್ಲಿ ಇನ್ನೂ ನಿಧಾನ. ಆಷಾಢದ ಮಳೆಯಲ್ಲಿ ಮೊಸರು ಸರಿಯಾಗಿ ಹೆಪ್ಪಾಗದೆ ಪಾತ್ರೆಯನ್ನು ಒಲೆ ಪಕ್ಕ ಇಡುತ್ತೇವಲ್ಲ, ಅದೇ ಕಥೆ. ಎರಡಡಿ ಟ್ಯಾಂಕಿಗೆ 50 ವ್ಯಾಟಿನ ಹೀಟರ್ ಸಾಕಾಗುತ್ತದೆ, ಡಿಸೆಂಬರ್ ಬೆಳಗ್ಗೆಗಳಲ್ಲಿ ಮೀನಿಗೂ ಬೇಕಾಗುತ್ತದೆ.

ಮೀನಿಲ್ಲದ ಟ್ಯಾಂಕಿಗೆ ಫಿಲ್ಟರ್ ಓಡಿಸಿ, ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಹಾಕಿ ಕೊಳೆಯಲು ಬಿಡಿ. ನೋಡುವವರು ನಗುತ್ತಾರೆ, ನಗಲಿ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಸಿಗುತ್ತದೆ. ಅದರಲ್ಲಿ ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ತಿಂಡಿ ಹಾಕುತ್ತಿದ್ದರೂ ಎರಡೂ ಸೊನ್ನೆಯಲ್ಲೇ ನಿಂತರೆ ಹೆಪ್ಪಾಯಿತು ಅಂತ ಅರ್ಥ. ಇಷ್ಟು ತಾಳ್ಮೆ ಇಲ್ಲದಿದ್ದರೆ, ಆರೋಗ್ಯವಾದ ಮೀನು ಸಾಕಿರುವ ಗೆಳೆಯರ ಮನೆಯ ಹಳೇ ಫಿಲ್ಟರ್ ಸ್ಪಂಜಿನ ಒಂದು ತುಂಡು ತಂದು ನಿಮ್ಮ ಫಿಲ್ಟರಿಗೆ ತುರುಕಿ. ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದ ಹಾಗೆ. ತರುವಾಗ ಒದ್ದೆಯಾಗಿರಬೇಕು, ಒಣಗಿದರೆ ಪ್ರಯೋಜನವಿಲ್ಲ. ನನ್ನ ಎರಡನೇ ಪ್ರಯತ್ನ ಗೆದ್ದದ್ದು ಇಂಥ ಒಂದು ಕೊಳಕು ಸ್ಪಂಜಿನಿಂದ.

ಗೆದ್ದದ್ದನ್ನು ಮತ್ತೆ ಕೆಡಿಸಿದ್ದೂ ನಾನೇ. ಸ್ಪಂಜು ಕಪ್ಪಾಗಿದೆ ಅಂತ ನಲ್ಲಿ ಕೆಳಗೆ ಹಿಡಿದು ಫಳಫಳ ತೊಳೆದೆ. ನಲ್ಲಿ ನೀರಿಗೆ ಕ್ಲೋರಿನ್ ಹಾಕುವುದೇ ಬ್ಯಾಕ್ಟೀರಿಯಾ ಕೊಲ್ಲಲು, ಅದು ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ. ಸ್ಪಂಜನ್ನು ಟ್ಯಾಂಕಿನಿಂದಲೇ ತೆಗೆದ ನೀರಲ್ಲಿ ಸುಮ್ನೆ ಎರಡು ಸಲ ಹಿಂಡಿದರೆ ಸಾಕು. ಟ್ಯಾಂಕಿಗೆ ಹಾಕುವ ನಲ್ಲಿ ನೀರನ್ನೂ ಆಂಟಿ ಕ್ಲೋರಿನ್ ಹನಿ ಹಾಕಿಯೇ ಬಳಸಿ. ಬಾವಿ ನೀರಾದರೆ ಮಳೆಗಾಲದಲ್ಲಿ ಬ್ಲೀಚಿಂಗ್ ಪೌಡರ್ ಹಾಕಿದ್ದಾರಾ ಅಂತ ಮನೆಯಲ್ಲಿ ಕೇಳಿಕೊಳ್ಳಿ.

ಬಾವಿ ನೀರಿನ ವಿಷಯ ಬಂತಲ್ಲ, ನಮ್ಮ ಮಲೆನಾಡಿನವರಿಗೆ ಇಲ್ಲೊಂದು ವಿಶೇಷ ಇದೆ. ಸಾವಿರಾರು ವರ್ಷಗಳ ಜಡಿಮಳೆ ಇಲ್ಲಿನ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ತೊಳೆದುಬಿಟ್ಟಿದೆ, ಉಳಿದದ್ದು ಜಂಬಿಟ್ಟಿಗೆ. ಅದಕ್ಕೇ ನಮ್ಮ ಬಾವಿ ನೀರು ಮೆದು, ಸೋಪು ಚೆನ್ನಾಗಿ ನೊರೆ ಬರುತ್ತದೆ, ಪಿಎಚ್ (ನೀರು ಆಮ್ಲವೋ ಕ್ಷಾರವೋ ಅಂತ ಹೇಳುವ ಅಳತೆ) ಸಾಮಾನ್ಯವಾಗಿ ಏಳಕ್ಕಿಂತ ಕಡಿಮೆ, ಅಂದರೆ ಆಮ್ಲದ ಕಡೆಗೆ. ಇದರಿಂದ ಲಾಭವೂ ಇದೆ. ಅಮೋನಿಯಾಕ್ಕೆ ನೀರಿನಲ್ಲಿ ಎರಡು ರೂಪ, ಒಂದು ಕಡು ವಿಷ, ಇನ್ನೊಂದು ಅಷ್ಟೇನಲ್ಲ. ಯಾವುದು ಎಷ್ಟು ಅನ್ನುವುದು ಮುಖ್ಯವಾಗಿ ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷದ ರೂಪ ಸಾವಿರಕ್ಕೆ ಆರು ಪಾಲು, ಪಿಎಚ್ 8ಕ್ಕೆ ಏರಿದರೆ ನೂರಕ್ಕೆ ಐದು ಪಾಲು. ಹೆಚ್ಚುಕಮ್ಮಿ ಒಂಬತ್ತು ಪಟ್ಟು! ಅಂದಕ್ಕೆ ಅಂತ ನಾನು ಹಾಸಿದ್ದ ಹವಳದ ಚೂರು ಸುಣ್ಣದ್ದೇ ರೂಪ. ನನ್ನ ಮೀನುಗಳನ್ನು ಕಾಯಬಹುದಾಗಿದ್ದ ಮೆದು ನೀರಿನ ಪಿಎಚ್ ಅನ್ನು ಅದು ದಿನದಿನಕ್ಕೂ ಏರಿಸುತ್ತಿತ್ತು ಅಂತ ಈಗ ಅನ್ನಿಸುತ್ತದೆ.

ಹಾಗಂತ ಸುಣ್ಣವೇ ಬೇಡ ಅಂತಲ್ಲ. ಅಮೋನಿಯಾ ಅರಗಿಸುವ ಕೆಲಸದಲ್ಲೇ ಆಮ್ಲ ಹುಟ್ಟುತ್ತದೆ. ಮೆದು ನೀರಿಗೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ, ತಿಂಗಳುಗಟ್ಟಲೆ ನೀರು ಬದಲಿಸದಿದ್ದರೆ ಪಿಎಚ್ 6ರ ಕೆಳಗೆ ಜಾರಿ ಬ್ಯಾಕ್ಟೀರಿಯಾದ ಕೆಲಸವೇ ನಿಲ್ಲುವಷ್ಟು ನಿಧಾನವಾಗುತ್ತದೆ. ವಾರವಾರ ತಪ್ಪದೆ ನೀರು ಬದಲಿಸಿ, ಬೇಕಾದರೆ ಎರಡು ಕಪ್ಪೆಚಿಪ್ಪನ್ನು ಫಿಲ್ಟರಿನಲ್ಲಿ ಇಡಿ, ನಿಧಾನಕ್ಕೆ ಕರಗುತ್ತದೆ. ಎಲೆಗೆ ಹಚ್ಚುವ ಸುಣ್ಣ ಮನೆಯಲ್ಲೇ ಇದೆಯಲ್ಲ ಅಂತ ಅದನ್ನು ಮಾತ್ರ ಹಾಕಬೇಡಿ. ಪಿಎಚ್ ಒಮ್ಮೆಲೇ ಜಿಗಿದು, ಸುಮ್ಮನಿದ್ದ ಅಮೋನಿಯಾ ಎಲ್ಲ ವಿಷವಾಗಿ ಎದ್ದುಬಿಡುತ್ತದೆ. ಹೊಳೆಯಿಂದ ತಂದ ಕಲ್ಲಾದರೆ ಒಂದು ಹನಿ ನಿಂಬೆರಸ ಹಾಕಿ ನೋಡಿ, ಬುರುಗು ಬಂದರೆ ಅದರಲ್ಲೂ ಸುಣ್ಣ ಇದೆ.

ಇನ್ನು ಕರೆಂಟು. ಜುಲೈನಲ್ಲಿ ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಒಂದು ದಿನ, ಎರಡು ದಿನ ಇಲ್ಲ ಅನ್ನುವುದು ನಮಗೆ ಹೊಸತಲ್ಲ. ಫಿಲ್ಟರ್ ನಿಂತರೆ ಒಳಗಿನ ಬ್ಯಾಕ್ಟೀರಿಯಾಗಳಿಗೆ ಕೆಲವೇ ಗಂಟೆಗಳಲ್ಲಿ ಉಸಿರು ಕಟ್ಟುತ್ತದೆ. ಸ್ಪಂಜು ತೆಗೆದು ಟ್ಯಾಂಕಿನ ನೀರಲ್ಲೇ ತೇಲಿಬಿಡಿ, ಬ್ಯಾಟರಿ ಏರ್ ಪಂಪ್ ಇದ್ದರೆ ಹಾಕಿ, ಇಲ್ಲದಿದ್ದರೆ ಆಗಾಗ ಚೊಂಬಿನಲ್ಲಿ ನೀರೆತ್ತಿ ಮೇಲಿಂದ ಸುರಿಯಿರಿ. ತಿಂಡಿ ನಿಲ್ಲಿಸಿ, ಎರಡು ದಿನ ಉಪವಾಸದಿಂದ ಮೀನು ಸಾಯುವುದಿಲ್ಲ. ದೀರ್ಘ ಹೊತ್ತು ನಿಂತ ಫಿಲ್ಟರನ್ನು ಕರೆಂಟು ಬಂದ ತಕ್ಷಣ ಹಾಗೇ ಚಾಲೂ ಮಾಡಿದರೆ ಒಳಗೆ ಕೊಳೆತದ್ದೆಲ್ಲ ಟ್ಯಾಂಕಿಗೆ ಬರುತ್ತದೆ, ಮೊದಲು ಚೆಲ್ಲಿ.

ಯಾವ ಮೀನು ಅಂತ ಕೇಳಿದರೆ ನಾನು ಜೀಬ್ರಾ ಡ್ಯಾನಿಯೋ ಅನ್ನುತ್ತೇನೆ. ನಮ್ಮ ಉಪಖಂಡದ್ದೇ ಮೀನು, ಸ್ವಲ್ಪ ಚಳಿಯನ್ನೂ ತಡೆಯುತ್ತದೆ. ಎಲ್ಲರೂ ಹೇಳುವ ಗಪ್ಪಿಗೆ ನಿಜಕ್ಕೂ ಗಡಸು ನೀರು ಇಷ್ಟ, ನಮ್ಮ ಬಾವಿ ನೀರು ಅಷ್ಟು ಒಗ್ಗುವುದಿಲ್ಲ. ಗಾಜಿನ ಬುರುಡೆಯಲ್ಲಿ ಗೋಲ್ಡ್‌ಫಿಶ್ ಬೇಡವೇ ಬೇಡ, ಅದು ಗೇಣುದ್ದ ಬೆಳೆಯುವ ಮೀನು. "ಗಾಜು ಕ್ಲೀನ್ ಮಾಡುತ್ತೆ" ಅಂತ ಕೊಡುವ ಕಪ್ಪು ಸಕ್ಕರ್ ಮೀನೂ ಅಷ್ಟೇ, ಒಂದಡಿ ದಾಟುತ್ತದೆ. ಜಾಗ ಸಾಲದೆ ಹೋದಾಗ ಕೆಲವರು ಪಾಪ ಅಂತ ಹೊಳೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದ ಮೀನದು, ತುಂಗೆಯಲ್ಲಿ ಅದಕ್ಕೆ ಜಾಗವಿಲ್ಲ. ಬೇಡವಾದರೆ ಅಂಗಡಿಗೇ ವಾಪಸ್ ಕೊಡಿ. ದುಡ್ಡು ಕೊಡುವುದಿಲ್ಲ, ಮೀನು ಮಾತ್ರ ಇಟ್ಟುಕೊಳ್ಳುತ್ತಾರೆ.