ಆಂಟಿಬಯಾಟಿಕ್ ನಾಟದಿದ್ದರೆ ಮೈಗೆ ಅಭ್ಯಾಸ ಆಗಿದೆ ಎಂದರ್ಥವೇ?

ಪ್ರಶ್ನೆ: ನಮ್ಮ ಅಮ್ಮನಿಗೆ ಪದೇ ಪದೇ ಉರಿಮೂತ್ರ ಬರುತ್ತದೆ. ಪ್ರತಿ ಸಲ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ತಗೊಂಡರೆ ಎರಡೇ ದಿನದಲ್ಲಿ ಹುಷಾರಾಗುತ್ತಿದ್ದರು. ಈ ಸಲ ಮಾತ್ರೆ ನಾಟಲೇ ಇಲ್ಲ. ಡಾಕ್ಟರು ಮೂತ್ರದ ಕಲ್ಚರ್ ಮಾಡಿಸಿದರು. ರಿಪೋರ್ಟಿನಲ್ಲಿ ಇ. ಕೋಲೈ ಎಂದಿದೆ, ಸಿಪ್ರೊ ಮುಂದೆ 'ಆರ್' ಎಂದಿದೆ. ಅವರ ಮೈಗೆ ಆ ಮಾತ್ರೆ ಅಭ್ಯಾಸ ಆಗಿಬಿಟ್ಟಿದೆಯಾ? ಸ್ವಲ್ಪ ದಿನ ಬಿಟ್ಟು ಕೊಟ್ಟರೆ ಮತ್ತೆ ನಾಟುತ್ತದಾ?

ಇಲ್ಲ. ನಿಮ್ಮ ಅಮ್ಮನ ಮೈಗೆ ಏನೂ ಅಭ್ಯಾಸ ಆಗಿಲ್ಲ. ಈ ಸಲ ಅವರ ಮೂತ್ರಕೋಶಕ್ಕೆ ಸೇರಿರುವ ಬ್ಯಾಕ್ಟೀರಿಯಾ ಬೇರೆ ತಳಿಯದು, ಆ ಔಷಧಿಗೆ ಬಗ್ಗದ ತಳಿ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೆ ನಿಲ್ಲಿಸಿದರೆ ಯಾರೂ ಒಪ್ಪುವುದಿಲ್ಲ ಎಂದು ಈಗ ನನಗೆ ಚೆನ್ನಾಗಿ ಗೊತ್ತು. ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಈ ಪ್ರಶ್ನೆ ಬಾರದ ವಾರವಿಲ್ಲ. ರೋಗಿಗಳು ಕೇಳುತ್ತಾರೆ, ನೆಂಟರು ಕೇಳುತ್ತಾರೆ, ಓದಿಕೊಂಡವರೂ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಭಾರತವೂ ಸೇರಿದಂತೆ 12 ದೇಶಗಳ ಜನರನ್ನು ವಿಚಾರಿಸಿತ್ತು. ಶೇ. 76ರಷ್ಟು ಮಂದಿ, ದೇಹಕ್ಕೆ ಔಷಧಿ ಒಗ್ಗಿಹೋಗುವುದೇ ರೆಸಿಸ್ಟೆನ್ಸ್ ಎಂದು ನಂಬಿದ್ದರು. ಹಾಗಾಗಿ ಇವತ್ತು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಮೊದಲು ಆ 'ಆರ್' ಎಲ್ಲಿಂದ ಬಂತು ನೋಡಿ. ನಿಮ್ಮ ಅಮ್ಮನ ಮೂತ್ರದ ಒಂದು ಚೂರನ್ನು ಅಗರ್ ತಟ್ಟೆಯ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಪದಾರ್ಥ ತುಂಬಿದ ತಟ್ಟೆ) ಮೇಲೆ ಎಳೆದು ಒಂದು ರಾತ್ರಿ ಇನ್‌ಕ್ಯುಬೇಟರಿನಲ್ಲಿ ಇಟ್ಟಿರುತ್ತಾರೆ. ಬೆಳಿಗ್ಗೆ ಅಲ್ಲಿ ಬ್ಯಾಕ್ಟೀರಿಯಾದ ಗುಂಪುಗಳು ಎದ್ದಿರುತ್ತವೆ. ಅದು ಇ. ಕೋಲೈ ಎಂದು ಗುರುತಿಸಿ, ಕೆಲವನ್ನು ಸಲೈನಿನಲ್ಲಿ ಕದಡಿ, ಇನ್ನೊಂದು ತಟ್ಟೆಯ ತುಂಬ ಹರಡುತ್ತಾರೆ. ಅದರ ಮೇಲೆ ಔಷಧಿ ಹೀರಿಸಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. 35 ಡಿಗ್ರಿ ಬಿಸಿಯಲ್ಲಿ 16ರಿಂದ 18 ಗಂಟೆ ಕಳೆದ ಮೇಲೆ, ನಾಟುವ ಔಷಧಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಒಂದು ಖಾಲಿ ವೃತ್ತ ಉಳಿಯುತ್ತದೆ. ಅದನ್ನು ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ಸಿಪ್ರೊ ಬಿಲ್ಲೆಯ ಸುತ್ತ ವೃತ್ತ ತೀರ ಚಿಕ್ಕದಿದ್ದರೆ, ಅಥವಾ ಬಿಲ್ಲೆಗೆ ಅಂಟಿಕೊಂಡೇ ಬ್ಯಾಕ್ಟೀರಿಯಾ ಬೆಳೆದಿದ್ದರೆ, 'ಆರ್' ಎಂದು ಬರೆಯುತ್ತೇವೆ. ರೆಸಿಸ್ಟೆಂಟ್, ಅಂದರೆ ಈ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗುವುದಿಲ್ಲ ಎಂದು. ಕೆಲವು ಲ್ಯಾಬುಗಳಲ್ಲಿ ಇದನ್ನು ಮಶೀನೇ ಮಾಡುತ್ತದೆ, ತತ್ವ ಬದಲಾಗುವುದಿಲ್ಲ.

ಈಗ ಹೇಳಿ, ಆ ತಟ್ಟೆಯಲ್ಲಿ ನಿಮ್ಮ ಅಮ್ಮ ಎಲ್ಲಿದ್ದಾರೆ? ಅವರ ರಕ್ತ ಇಲ್ಲ, ಲಿವರ್ ಇಲ್ಲ, ಕಿಡ್ನಿ ಇಲ್ಲ. ಇರುವುದು ಬ್ಯಾಕ್ಟೀರಿಯಾ ಮತ್ತು ಔಷಧಿ ಮಾತ್ರ. ಆದರೂ ಔಷಧಿ ಸೋತಿದೆ. ಮೈಗೆ ಅಭ್ಯಾಸ ಆಗಿದ್ದರೆ, ಮೈಯಿಂದ ಆಚೆ ಬಂದ ಈ ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಸಾಯಬೇಕಿತ್ತು ಅಲ್ವಾ? ನನ್ನ ವಿದ್ಯಾರ್ಥಿಗಳಿಗೆ ಮೊದಲ ತರಗತಿಯಲ್ಲೇ ಆ ತಟ್ಟೆಯನ್ನು ಕೈಗೆ ಕೊಟ್ಟು ಇದನ್ನು ಕೇಳುತ್ತೇನೆ. ಒಮ್ಮೆ ಅದನ್ನು ಕಣ್ಣಾರೆ ಕಂಡವರು 'ಮೈಗೆ ಅಭ್ಯಾಸ' ಎಂಬ ಮಾತನ್ನು ಮತ್ತೆ ಆಡಿದ್ದನ್ನು ನಾನು ಕೇಳಿಲ್ಲ.

ಇನ್ನೊಂದು ಸಾಕ್ಷಿ ಇದಕ್ಕಿಂತ ಕಠೋರವಾದದ್ದು. ಹುಟ್ಟಿ ಮೂರ್ನಾಲ್ಕು ದಿನದ ಕೂಸಿನ ರಕ್ತದಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುವುದುಂಟು. ರಿಪೋರ್ಟಿನಲ್ಲಿ ಸಾಲಾಗಿ 'ಆರ್' ಬರುವುದುಂಟು. ಆ ಕೂಸು ಯಾವ ಮಾತ್ರೆಗೆ ಒಗ್ಗಿಕೊಂಡಿತ್ತು? ಹುಟ್ಟಿದ ಮೇಲೆ ಅದು ಕುಡಿದದ್ದು ಹಾಲು ಮಾತ್ರ. ಬ್ಯಾಕ್ಟೀರಿಯಾ ಬಂದದ್ದು ವಾರ್ಡಿನ ಕೈಗಳಿಂದಲೋ, ಸಲಕರಣೆಗಳಿಂದಲೋ, ತಾಯಿಯಿಂದಲೋ. 'ನಾನು ಆಂಟಿಬಯಾಟಿಕ್ ಮುಟ್ಟುವುದೇ ಇಲ್ಲ, ನನಗೇನೂ ಆಗಲ್ಲ' ಎನ್ನುವವರು ಈ ಕೂಸಿನ ವಿಷಯವನ್ನು ಒಂದು ಕ್ಷಣ ಯೋಚಿಸಬೇಕು. ರೆಸಿಸ್ಟೆನ್ಸ್ ಅಂಟುತ್ತದೆ. ಯಾರೋ ತಿಂದ ಮಾತ್ರೆಯ ಫಲ ಇನ್ಯಾರಿಗೋ ಸಿಗುತ್ತದೆ. 'ಮೈಗೆ ಅಭ್ಯಾಸ' ಎಂಬ ನಂಬಿಕೆಯ ಮೇಲೆ ನನಗೆ ಬೇಸರ ಬರುವುದು ಇದಕ್ಕೇ. ಅದು ಊರಿನ ಸಮಸ್ಯೆಯನ್ನು ಒಬ್ಬೊಬ್ಬರ ಖಾಸಗಿ ವಿಷಯ ಮಾಡಿಬಿಡುತ್ತದೆ. ಅದರ ಜೊತೆಗೆ ಇನ್ನೊಂದು ಕೆಟ್ಟ ಕೆಲಸವನ್ನೂ ಮಾಡುತ್ತದೆ. ಎಲ್ಲಿ ಅಭ್ಯಾಸ ಆಗುತ್ತದೋ ಎಂದು ಹೆದರಿ ಜನ ಒಂದು ಹೊತ್ತಿನ ಮಾತ್ರೆ ಬಿಡುತ್ತಾರೆ, ಅರ್ಧ ಮುರಿದು ನುಂಗುತ್ತಾರೆ, ಎರಡು ದಿನಕ್ಕೇ ನಿಲ್ಲಿಸಿ ಉಳಿದದ್ದನ್ನು ಡಬ್ಬಿಯಲ್ಲಿ ಎತ್ತಿಡುತ್ತಾರೆ.

ಹಾಗಾದರೆ ಬ್ಯಾಕ್ಟೀರಿಯಾಕ್ಕೆ ಅಭ್ಯಾಸ ಆಗುತ್ತದೆಯೇ? ಅದನ್ನೂ ಪೂರ್ತಿ ಸರಿ ಎನ್ನಲಾರೆ. ಔಷಧಿಯನ್ನು ಕಂಡು ಒಂದೊಂದು ಬ್ಯಾಕ್ಟೀರಿಯಾವೂ ಪಾಠ ಕಲಿಯುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಅಮೆರಿಕದ ಎಸ್ತರ್ ಲೆಡರ್‌ಬರ್ಗ್ ಮತ್ತು ಜೋಶುವಾ ಲೆಡರ್‌ಬರ್ಗ್ ದಂಪತಿ 1952ರಲ್ಲಿ ಇದಕ್ಕೆ ಬಹಳ ಸುಂದರವಾದ ಉತ್ತರ ಕೊಟ್ಟರು. ಮರದ ದುಂಡು ತುಂಡಿಗೆ ಮಕಮಲ್ಲಿನ ಬಟ್ಟೆ ಸುತ್ತಿ, ಬ್ಯಾಕ್ಟೀರಿಯಾ ಬೆಳೆದ ತಟ್ಟೆಯ ಮೇಲೆ ಒತ್ತಿದರು. ಅದೇ ಬಟ್ಟೆಯನ್ನು ಸ್ಟ್ರೆಪ್ಟೊಮೈಸಿನ್ ಬೆರೆಸಿದ ತಟ್ಟೆಗಳ ಮೇಲೆ ಒತ್ತಿದರು. ಬಹುತೇಕ ಎಲ್ಲವೂ ಸತ್ತವು, ಎಲ್ಲೋ ಕೆಲವು ಬದುಕಿದವು. ಅವು ಬದುಕಿದ ಜಾಗವನ್ನು ಗುರುತು ಹಾಕಿಕೊಂಡು, ಔಷಧಿಯೇ ಇಲ್ಲದ ಮೊದಲ ತಟ್ಟೆಯ ಅದೇ ಜಾಗದಿಂದ ಬ್ಯಾಕ್ಟೀರಿಯಾ ತೆಗೆದು ನೋಡಿದರು. ಅಲ್ಲಿಯೂ ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದವು ಸಿಕ್ಕವು. ಅವು ಔಷಧಿಯ ಮುಖವನ್ನೇ ನೋಡಿರಲಿಲ್ಲ. ಬದಲಾವಣೆ ಮೊದಲೇ ಆಗಿತ್ತು, ಔಷಧಿ ಬಂದು ಮಿಕ್ಕವನ್ನು ಕೊಂದು ಅವಕ್ಕೆ ಜಾಗ ಬಿಡಿಸಿಕೊಟ್ಟಿತು. ಹೊಲಕ್ಕೆ ಒಂದೇ ಕಳೆನಾಶಕವನ್ನು ವರ್ಷವರ್ಷವೂ ಹೊಡೆದರೆ ಕೊನೆಗೆ ಸಾಯದ ಕಳೆಯೇ ಉಳಿಯುತ್ತದೆ. ಆಗ ಹೊಲಕ್ಕೆ ಅಭ್ಯಾಸ ಆಯಿತು ಎಂದು ಯಾವ ರೈತರೂ ಹೇಳುವುದಿಲ್ಲ.

ನಿಮ್ಮ ಅಮ್ಮನ ಸಿಪ್ರೊ ವಿಷಯದಲ್ಲಿ ಆ ಬದಲಾವಣೆ ಸಾಮಾನ್ಯವಾಗಿ ಇಂಥದ್ದು. ಬ್ಯಾಕ್ಟೀರಿಯಾ ತನ್ನ ಡಿಎನ್ಎಯನ್ನು ನಕಲು ಮಾಡುವಾಗ ಬೀಳುವ ತಿರುಚನ್ನು ಬಿಡಿಸಲು ಜೈರೇಸ್ ಎಂಬ ಕಿಣ್ವ ಇದೆ. ಸಿಪ್ರೊ ಹೋಗಿ ಅಂಟಿಕೊಳ್ಳುವುದು ಅದಕ್ಕೆ. ಜೈರೇಸಿನ ರಚನೆ ಒಂದೆರಡು ಕಡೆ ಬದಲಾದರೆ ಔಷಧಿಗೆ ಹಿಡಿತ ಸಿಗುವುದಿಲ್ಲ. ಕೆಲವು ಬ್ಯಾಕ್ಟೀರಿಯಾ ಒಳಗೆ ಬಂದ ಔಷಧಿಯನ್ನು ಪಂಪ್ ಮಾಡಿ ಆಚೆ ಹಾಕುತ್ತವೆ. ಇನ್ನು ಪೆನಿಸಿಲಿನ್ ಕುಟುಂಬದ ಔಷಧಿಗಳನ್ನು ಒಡೆದುಹಾಕುವ ಜೀನುಗಳಿವೆ. ಅವು ಹೆಚ್ಚಾಗಿ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್ಎ ಉಂಗುರಗಳ ಮೇಲಿದ್ದು, ಒಂದು ಬ್ಯಾಕ್ಟೀರಿಯಾದಿಂದ ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟುತ್ತವೆ. ಅದು ಬೇರೆ ಜಾತಿಯದಾದರೂ ಸರಿ. 1950ರ ದಶಕದಲ್ಲಿ ಜಪಾನಿನ ಸಂಶೋಧಕರು ಆಮಶಂಕೆ ತರುವ ಶಿಗೆಲ್ಲಾದಲ್ಲಿ ಇದನ್ನು ಪತ್ತೆ ಮಾಡಿದರು. ಹಲವು ಔಷಧಿಗಳಿಗೆ ಬಗ್ಗದ ಗುಣ ಒಟ್ಟಿಗೇ ಇ. ಕೋಲೈ ಮತ್ತು ಶಿಗೆಲ್ಲಾ ನಡುವೆ ಓಡಾಡುತ್ತಿತ್ತು.

ಈ ನಂಬಿಕೆ ಯಾಕೆ ಇಷ್ಟು ಗಟ್ಟಿ ಎಂಬುದಕ್ಕೂ ಕಾರಣ ಇದೆ. ನಿದ್ದೆ ಮಾತ್ರೆ, ಮಾರ್ಫಿನ್ ಇವು ನಿಜಕ್ಕೂ ಮೈಗೆ ಒಗ್ಗಿಹೋಗುತ್ತವೆ, ಡೋಸ್ ಏರಿಸಬೇಕಾಗುತ್ತದೆ. ಅವು ಕೆಲಸ ಮಾಡುವುದು ನಮ್ಮ ಜೀವಕೋಶಗಳ ಮೇಲೆ. ಆಂಟಿಬಯಾಟಿಕ್‌ಗೆ ಗುರಿ ಬ್ಯಾಕ್ಟೀರಿಯಾ. ಜೊತೆಗೆ ಪದೇ ಪದೇ ಆಂಟಿಬಯಾಟಿಕ್ ತಗೊಂಡವರಲ್ಲಿ ಮುಂದಿನ ಸಲ ಬಗ್ಗದ ಬ್ಯಾಕ್ಟೀರಿಯಾ ಸಿಗುವ ಸಂಭವ ಜಾಸ್ತಿ ಎಂಬುದೂ ನಿಜವೇ. ಮೂತ್ರದ ಸೋಂಕು ತರುವ ಇ. ಕೋಲೈ ಹೆಚ್ಚಾಗಿ ಬರುವುದು ನಮ್ಮದೇ ಕರುಳಿನಿಂದ. ಮಾತ್ರೆ ನುಂಗಿದಾಗ ಕರುಳಿನಲ್ಲೂ ಬಗ್ಗುವವು ಸತ್ತು ಬಗ್ಗದವು ಉಳಿಯುತ್ತವೆ. ಈ ಪರಿಣಾಮ ಮೊದಲ ತಿಂಗಳು ಜಾಸ್ತಿ ಇದ್ದು, 12 ತಿಂಗಳವರೆಗೂ ಉಳಿಯಬಹುದು. ಹಾಗಾಗಿ ಇತ್ತೀಚೆಗೆ ಯಾವ ಮಾತ್ರೆ ತಗೊಂಡಿದ್ದೀರಿ ಎಂದು ಡಾಕ್ಟರು ಕೇಳಿದರೆ ನೆನಪು ಮಾಡಿಕೊಂಡು ಸರಿಯಾಗಿ ಹೇಳಿ.

ಸ್ವಲ್ಪ ದಿನ ಬಿಟ್ಟು ಅದೇ ಸಿಪ್ರೊ ಕೊಡುವ ಯೋಚನೆ ಬೇಡ. ಸೋಂಕನ್ನು ಸುಮ್ನೆ ಬಿಟ್ಟರೆ ಕಿಡ್ನಿಗೆ ಏರಬಹುದು. ರಿಪೋರ್ಟಿನಲ್ಲಿ 'ಎಸ್', ಅಂದರೆ ನಾಟುತ್ತದೆ, ಎಂದಿರುವ ಔಷಧಿಗಳೂ ಇರುತ್ತವೆ, ಅವುಗಳಲ್ಲಿ ಯಾವುದು, ಎಷ್ಟು ದಿನ ಎಂದು ಡಾಕ್ಟರು ಹೇಳಲಿ. ಮುಂದೆ ಮತ್ತೆ ಉರಿ ಕಾಣಿಸಿಕೊಂಡರೆ ಮಾತ್ರೆ ಶುರು ಮಾಡುವ ಮೊದಲು ಸ್ಯಾಂಪಲ್ ಕೊಡಿ. ಮಾತ್ರೆ ನುಂಗಿ ಕೊಟ್ಟ ಮೂತ್ರದಲ್ಲಿ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ, ಲ್ಯಾಬಿಗೂ ದಾರಿ ತೋಚುವುದಿಲ್ಲ. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿದು, ಎರಡು ಗಂಟೆಯೊಳಗೆ ತಲುಪಿಸಿ. ಹಳೆಯ ಕಲ್ಚರ್ ರಿಪೋರ್ಟುಗಳನ್ನು ಎಸೆಯಬೇಡಿ.

ನೀವು ಕೇಳಿಲ್ಲ, ಆದರೂ ಇದನ್ನು ಹೇಳದೆ ಇರಲಾರೆ. ಔಷಧಿ ಕಾಣದ ಬ್ಯಾಕ್ಟೀರಿಯಾದಲ್ಲಿ ಅದನ್ನು ಸೋಲಿಸುವ ಜೀನುಗಳು ಮೊದಲೇ ಎಲ್ಲಿಂದ ಬಂದವು? ಮಣ್ಣಿನಿಂದ ಶುರು ಮಾಡಬೇಕು. ಮೊದಲ ಮಳೆಗೆ ನೆಲದಿಂದ ಏಳುವ ಘಮ ಇದೆಯಲ್ಲ, ಅದರ ಮುಖ್ಯ ಅಂಶವಾದ ಜಿಯೊಸ್ಮಿನ್ ಅನ್ನು ತಯಾರಿಸುವುದು ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ. ನಮ್ಮ ಎಷ್ಟೋ ಆಂಟಿಬಯಾಟಿಕ್‌ಗಳೂ ಅದೇ ಬಳಗದಿಂದ ಬಂದವು. 1943ರಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿನ್ ಅಲ್ಲಿಂದ ಬಂತು. ನಮ್ಮ ದೇಶದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ, ಅಮೆರಿಕದ ಲೆಡರ್ಲೆ ಪ್ರಯೋಗಾಲಯದಿಂದ 1948ರಲ್ಲಿ ಹೊರಬಂದ ಆರಿಯೊಮೈಸಿನ್ ಕೂಡ. ವಿಷ ತಯಾರಿಸುವವರು ತಾವು ಸಾಯದ ಉಪಾಯವನ್ನೂ ಇಟ್ಟುಕೊಂಡಿರಬೇಕು. ಅಕ್ಕಪಕ್ಕದವರಿಗೂ ಅದು ಬೇಕು. ಕೆನಡಾದ ಯುಕಾನ್ ಪ್ರದೇಶದಲ್ಲಿ 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಿಂದ ತೆಗೆದ ಡಿಎನ್ಎಯಲ್ಲಿ ಪೆನಿಸಿಲಿನ್ ಬಳಗ, ಟೆಟ್ರಾಸೈಕ್ಲಿನ್, ವ್ಯಾಂಕೊಮೈಸಿನ್ ಇವುಗಳಿಗೆ ಬಗ್ಗದ ಜೀನುಗಳು ಸಿಕ್ಕಿವೆ ಎಂದು 2011ರಲ್ಲಿ ಪ್ರಕಟವಾಯಿತು.

ಆ ಜೀನುಗಳನ್ನು ನಾವು ಹುಟ್ಟಿಸಲಿಲ್ಲ. ಆಸ್ಪತ್ರೆ, ಕೋಳಿ ಫಾರ್ಮ್, ಚರಂಡಿಗಳಲ್ಲಿ ಟನ್‌ಗಟ್ಟಲೆ ಔಷಧಿ ಸುರಿದು, ರೋಗ ತರುವ ಬ್ಯಾಕ್ಟೀರಿಯಾದಲ್ಲಿ ಅವು ಹೆಚ್ಚುವಂತೆ ಮಾಡಿದ್ದು ನಾವು. ಆಕ್ಸ್‌ಫರ್ಡಿನಲ್ಲಿ ಪೆನಿಸಿಲಿನ್ ಅನ್ನು ಶುದ್ಧ ಮಾಡುತ್ತಿದ್ದ ತಂಡದವರೇ ಆದ ಎಡ್ವರ್ಡ್ ಅಬ್ರಹಾಂ ಮತ್ತು ಅರ್ನ್ಸ್ಟ್ ಚೇನ್, ಪೆನಿಸಿಲಿನ್ ಒಡೆಯುವ ಒಂದು ಕಿಣ್ವ ಇ. ಕೋಲೈಯಲ್ಲಿದೆ ಎಂದು ಪ್ರಕಟಿಸಿದ್ದು 1940ರ ಡಿಸೆಂಬರಿನಲ್ಲಿ. ಅದೇ ತಂಡ ಸೋಂಕಿನಿಂದ ನರಳುತ್ತಿದ್ದ ತನ್ನ ಮೊದಲ ರೋಗಿಗೆ ಪೆನಿಸಿಲಿನ್ ಚುಚ್ಚಿದ್ದು ಅದಾದ ಮೇಲೆ, 1941ರ ಫೆಬ್ರವರಿಯಲ್ಲಿ.