ಅದಿರು ಮಾರಿದ ದುಡ್ಡು ಆದಾಯವೇ?

ಗೋವಾದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 3,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಇಂಥ ನಾಡಿನ ಹಳ್ಳಿಯೊಂದರಲ್ಲಿ ಹೆಂಗಸರು ಟ್ಯಾಂಕರಿನ ಹಾದಿ ಕಾಯುತ್ತಾರೆಂದರೆ, ಗದಗ, ಬಾಗಲಕೋಟೆ, ವಿಜಯಪುರದ ಕಡೆಯಿಂದ ದುಡಿಮೆ ಹುಡುಕಿಕೊಂಡು ಇಲ್ಲಿಗೆ ಬಂದ ನಮ್ಮವರಿಗೆ ನಂಬುವುದು ಕಷ್ಟ. ಆದರೆ ಬಿಚೋಲಿ ತಾಲ್ಲೂಕಿನ ಶಿರ್ಗಾಂವದ ಜನ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದು ಬಾವಿಗಳು ಬತ್ತಿದವೆಂದೇ. ಊರಿಗೆ ಅಂಟಿಕೊಂಡೇ ಕಬ್ಬಿಣದ ಅದಿರಿನ ಗಣಿಗಳಿವೆ.

ಬಾವಿ ಬತ್ತುವ ಬಗೆ ಸರಳವಾಗಿದೆ. ಮೇಲಿನ ಮುರಕಲ್ಲು ಮಳೆನೀರನ್ನು ಹೀರಿ ಕೆಳಗೆ ಬಿಡುತ್ತದೆ. ಕೆಳಗಿರುವ ಹುಡಿಹುಡಿಯಾದ ಅದಿರಿನ ಪದರವೇ ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ಗಣಿಯವರಿಗೆ ಬೇಕಾದ ಅದಿರೂ ಊರಿನವರಿಗೆ ಬೇಕಾದ ನೀರೂ ಇರುವುದು ಒಂದೇ ಜಾಗದಲ್ಲಿ. ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದಾಗ ನೀರು ಒಸರುತ್ತದೆ. ಅದನ್ನು ಪಂಪಿನಿಂದ ಎತ್ತಿ ಹೊರಗೆ ಚೆಲ್ಲದೆ ಅಗೆಯಲಾಗುವುದಿಲ್ಲ. ಎತ್ತಿದಷ್ಟೂ ಸುತ್ತಲಿನ ನೀರು ಗುಂಡಿಯ ಕಡೆಗೇ ಇಳಿಯುತ್ತದೆ. ಒಂದು ಟನ್ ಅದಿರಿಗೆ ಎರಡೂವರೆ ಮೂರು ಟನ್ ಮಣ್ಣು ಹೊರಬರುತ್ತದೆ. ಅದು ಗುಡ್ಡೆಯಾಗಿ ನಿಂತು, ಆಷಾಢದ ಮಳೆಗೆ ಕೊಚ್ಚಿಕೊಂಡು ಕೆಳಗಿನ ಗದ್ದೆಗಳಿಗೆ ಬರುತ್ತದೆ.

ಇನ್ನು ಇದೇ ಹಳ್ಳಿಯ ಲೆಕ್ಕವನ್ನು ಅರ್ಥಶಾಸ್ತ್ರದ ಪುಸ್ತಕದಲ್ಲಿ ಬರೆಯೋಣ. ಬಾವಿಯಲ್ಲಿ ನೀರಿದ್ದಾಗ ಅದಕ್ಕೆ ಬೆಲೆಯಿರಲಿಲ್ಲ, ಹಾಗಾಗಿ ದೇಶದ ಒಟ್ಟು ಉತ್ಪನ್ನದ ಲೆಕ್ಕವಾದ ಜಿಡಿಪಿಯಲ್ಲಿ ಅದು ಸೊನ್ನೆ. ಬಾವಿ ಬತ್ತಿ ಟ್ಯಾಂಕರ್ ಬಂದರೆ ಡೀಸೆಲ್, ಚಾಲಕನ ಸಂಬಳ, ಬಾಡಿಗೆ ಎಲ್ಲವೂ ಉತ್ಪನ್ನಕ್ಕೆ ಸೇರುತ್ತವೆ. ದೂಳಿನಿಂದ ಕೆಮ್ಮು ಹಿಡಿದು ಆಸ್ಪತ್ರೆಗೆ ಹೋದರೆ ಆ ಬಿಲ್ಲೂ ಸೇರುತ್ತದೆ. ಹಳ್ಳಿಯ ಬಾಳು ಹಾಳಾಗುತ್ತಿರುವಾಗ ಪುಸ್ತಕದಲ್ಲಿ ಅದರ ಆರ್ಥಿಕತೆ ಬೆಳೆಯುತ್ತಿರುತ್ತದೆ. ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ತಳಹದಿ ಹಾಕಿದ ಸೈಮನ್ ಕುಜ್ನೆಟ್ಸ್ 1934ರಲ್ಲಿಯೇ, ಈ ಅಂಕಿಯಿಂದ ಒಂದು ದೇಶದ ಜನರ ಕ್ಷೇಮವನ್ನು ಊಹಿಸಲಾಗದು ಎಂದು ಅಮೆರಿಕದ ಸಂಸತ್ತಿಗೆ ಎಚ್ಚರಿಕೆ ಕೊಟ್ಟಿದ್ದರು. ಅಂಕಿಯನ್ನು ಜಗತ್ತು ಅಪ್ಪಿಕೊಂಡಿತು, ಎಚ್ಚರಿಕೆಯನ್ನು ಕೈಬಿಟ್ಟಿತು.

ಇದಕ್ಕಿಂತ ದೊಡ್ಡ ತಪ್ಪು ಅದಿರಿನ ಲೆಕ್ಕದಲ್ಲೇ ಇದೆ. ಅದಿರು ಪ್ರತಿ ವರ್ಷ ಬೆಳೆಯುವ ಗೋಡಂಬಿಯಲ್ಲ. ಒಮ್ಮೆ ಹಡಗು ಹತ್ತಿ ಮುರಗಾಂವ್ ಬಂದರು ದಾಟಿದರೆ ಮುಗಿಯಿತು. ಅದನ್ನು ಮಾರಿ ಬಂದ ದುಡ್ಡು ಪಿತ್ರಾರ್ಜಿತ ಆಸ್ತಿ ಮಾರಿ ಬಂದ ದುಡ್ಡು. ಆದರೂ ಅದನ್ನು ಆ ವರ್ಷದ ದುಡಿಮೆಯೆಂದೇ ಬರೆದುಕೊಂಡಿದ್ದೇವೆ. ನಿವ್ವಳ ಉತ್ಪನ್ನ ಎಂಬ ಇನ್ನೊಂದು ಲೆಕ್ಕವಿದೆ. ಅದರಲ್ಲಿ ಅದಿರು ಸಾಗಿಸಿದ ಲಾರಿಯ ಸವಕಳಿಯನ್ನು ಕಳೆಯುತ್ತಾರೆ, ಅದಿರು ಬಗೆದ ಗುಡ್ಡದ ಸವಕಳಿಯನ್ನು ಕಳೆಯುತ್ತಿರಲಿಲ್ಲ. ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2025ರಲ್ಲಿ ಒಪ್ಪಿದ ಹೊಸ ನಿಯಮಗಳಲ್ಲಿ ಇದು ಬದಲಾಗಿದೆ: ನೆಲದಿಂದ ತೆಗೆದ ಸಂಪತ್ತನ್ನೂ ಇನ್ನು ಮುಂದೆ ಖರ್ಚೆಂದು ಬರೆಯಬೇಕು. ಬಹಳ ತಡವಾಗಿ ಬಂದ ತಿದ್ದುಪಡಿ, ಆದರೂ ಬಹಳ ದೊಡ್ಡದು.

ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಅರ್ಥಶಾಸ್ತ್ರಜ್ಞ ಜಾನ್ ಹಾರ್ಟ್‌ವಿಕ್ 1977ರಲ್ಲಿ ಗಣಿತವಾಗಿ ಬರೆದರೆನ್ನಬಹುದು. ಮುಗಿದುಹೋಗುವ ಸಂಪತ್ತಿನಿಂದ ಬಂದ ಲಾಭವನ್ನೆಲ್ಲ ಬಾಳುವ ಬೇರೆ ಆಸ್ತಿಯಾಗಿ ಮಾರ್ಪಡಿಸಿದರೆ ಮಾತ್ರ ಮುಂದಿನ ಪೀಳಿಗೆ ನಮಗಿಂತ ಬಡವಾಗುವುದಿಲ್ಲ ಎಂಬುದು ಅವರ ಸೂತ್ರದ ಸಾರ. ನಾರ್ವೆ ತನ್ನ ಎಣ್ಣೆಯ ಹಣಕ್ಕಾಗಿ 1990ರಲ್ಲಿ ನಿಧಿ ಕಟ್ಟಿತು. ಅಲ್ಲಿ ಸರ್ಕಾರ ವರ್ಷಕ್ಕೆ ಸರಾಸರಿ ನಿಧಿಯ ಸುಮಾರು 3 ಪ್ರತಿಶತ, ಅಂದರೆ ನಿರೀಕ್ಷಿತ ಗಳಿಕೆಯಷ್ಟನ್ನೇ ಖರ್ಚು ಮಾಡಬೇಕೆಂಬುದು ನಿಯಮ.

ಗೋವಾ ಮಾಡಿದ್ದೇನು? ಚೀನಾದ ಬೇಡಿಕೆ ಏರಿದ ಕಾಲದಲ್ಲಿ, 2010-11ರಲ್ಲಿ, ಐದು ಕೋಟಿ ಟನ್ನಿಗೂ ಹೆಚ್ಚು ಅದಿರು ಇಲ್ಲಿಂದ ಹೋಯಿತು. ಅಕ್ರಮ ಗಣಿಗಾರಿಕೆಯ ತನಿಖೆಗೆ ಕೇಂದ್ರ ನೇಮಿಸಿದ್ದ ಷಾ ಆಯೋಗದ ವರದಿಯ ನಂತರ 2012ರ ಸೆಪ್ಟೆಂಬರಿನಲ್ಲಿ ಗಣಿಗಾರಿಕೆ ನಿಂತಿತು. ಬಳ್ಳಾರಿಯ ಕಥೆ ಬಲ್ಲ ಕನ್ನಡಿಗರಿಗೆ ಇದು ಹೊಸದಲ್ಲ. ನಿಂತ ದಿನ ಗಾಳಿ ತಿಳಿಯಾಯಿತು. ಲಾರಿ ಚಾಲಕರು, ಕ್ಲೀನರ್‌ಗಳು, ಗ್ಯಾರೇಜಿನವರು, ರಸ್ತೆಬದಿಯ ಖಾನಾವಳಿಯವರು ಕೆಲಸ ಕಳೆದುಕೊಂಡರು. ಗಣಿ ನಿಲ್ಲಿಸಿದ್ದನ್ನು ನಾನು ಒಪ್ಪುತ್ತೇನೆ. ಆದರೆ ವರ್ಷಗಟ್ಟಲೆ ಅದಿರು ಮಾರಿದ ರಾಜ್ಯದಲ್ಲಿ ಆ ಕೆಲಸಗಾರರನ್ನು ಒಂದೆರಡು ವರ್ಷ ಹೊರುವಷ್ಟು ಹಣ ಕೂಡಿಟ್ಟಿರಲಿಲ್ಲ ಎಂಬುದನ್ನು ಒಪ್ಪಲಾರೆ. ಲಾಭ ಬಂದಾಗ ಅದು ಕೆಲವರದಾಯಿತು, ಗಣಿ ನಿಂತಾಗ ನಷ್ಟ ಎಲ್ಲರದಾಯಿತು.

2014ರ ಏಪ್ರಿಲ್ 21ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅದಿರು ಮಾರಾಟದ ಮೊತ್ತದ ಹತ್ತರಲ್ಲೊಂದು ಪಾಲನ್ನು ಶಾಶ್ವತ ನಿಧಿಗೆ ಹಾಕಬೇಕೆಂದಿತು. ಮುಂದಿನ ಪೀಳಿಗೆಯ ಹಕ್ಕು ಅದರ ಆಧಾರ. ಇದು ನಮ್ಮ ದೇಶದಲ್ಲಿ ದೊಡ್ಡ ಹೆಜ್ಜೆ. ಆದರೆ ಹತ್ತರಲ್ಲೊಂದು ಸಾಲದು. ಅಗೆಯುವ ಖರ್ಚು ಮತ್ತು ನ್ಯಾಯವಾದ ಲಾಭ ಕಳೆದು ಉಳಿದದ್ದೆಲ್ಲ ನೆಲದ ಒಡೆಯರಾದ ಜನರದು ಎಂದು ಇಲ್ಲಿನ ಗೋಯೆಂಚಿ ಮಾಟಿ ಚಳವಳಿ ವಾದಿಸುತ್ತ ಬಂದಿದೆ. ಹಾಗೆ ಉಳಿದದ್ದೆಲ್ಲ ಬಾಳುವ ಆಸ್ತಿಯಾಗಬೇಕು ಎನ್ನುತ್ತದೆ ಹಾರ್ಟ್‌ವಿಕ್ ಸೂತ್ರ.

ಆ ಜನರು ಯಾರು ಎಂಬ ಪ್ರಶ್ನೆ ಝುವಾರಿನಗರದ, ವಾಸ್ಕೋದ ಬಾಡಿಗೆ ಕೋಣೆಗಳಲ್ಲಿರುವ ಕನ್ನಡಿಗರಿಗೆ ನೇರವಾಗಿ ತಟ್ಟುತ್ತದೆ. ಗೋವಾದ ಕಟ್ಟಡಗಳಿಗೆ ಗಾರೆ ಕಲಸಿದವರು, ಮನೆಗೆಲಸ ಮಾಡಿದವರು, ಲಾರಿ ಓಡಿಸಿದವರು ಅವರು. ಹೀಗಿದ್ದೂ ಪಡಿತರ ಚೀಟಿಯಿಂದ ಹಿಡಿದು ಎಲ್ಲದರಲ್ಲೂ ಹೊರಗಿನವರು. ಅಲಾಸ್ಕಾದಲ್ಲಿ ಇದೇ ಪ್ರಶ್ನೆ ಎದ್ದಿತ್ತು. 1976ರಲ್ಲಿ ಎಣ್ಣೆಯ ಹಣದಿಂದ ನಿಧಿ ಕಟ್ಟಿದ ಆ ರಾಜ್ಯ, ಅದರ ಗಳಿಕೆಯನ್ನು ನಿವಾಸಿಗಳಿಗೆ ಹಂಚುವಾಗ ಹೆಚ್ಚು ವರ್ಷ ಅಲ್ಲಿದ್ದವರಿಗೆ ಹೆಚ್ಚು ಕೊಡಲು ಹೊರಟಿತು. ಆಗಷ್ಟೇ ಬಂದು ನೆಲೆಸಿದ ದಂಪತಿ ನ್ಯಾಯಾಲಯಕ್ಕೆ ಹೋದರು. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಯೋಜನೆಯನ್ನು ರದ್ದು ಮಾಡಿತು. ಅದೇ ವರ್ಷ ಹಳಬರು, ಹೊಸಬರು, ಮಕ್ಕಳು ಎನ್ನದೆ ಅರ್ಹ ನಿವಾಸಿಗಳೆಲ್ಲರಿಗೂ ಸಮನಾಗಿ 1,000 ಡಾಲರ್ ಸಂದಿತು.

ಗೋವಾದಲ್ಲಿ 2022ರ ಕೊನೆಯಿಂದ ಗಣಿ ಬ್ಲಾಕುಗಳ ಹರಾಜು ಶುರುವಾಗಿದೆ. ಈ ಬಾರಿ ಅದಿರಿಗಾಗಿ ಸರ್ಕಾರಕ್ಕೆ ಕಟ್ಟುವ ರಾಯಧನದ ರಸೀದಿಯ ಜೊತೆಗೆ ಪ್ರತಿ ತಿಂಗಳೂ ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನೂ ಪಂಚಾಯಿತಿ ಕಟ್ಟೆಯಲ್ಲಿ ಬರೆದು ಹಾಕಬೇಕು. ಮಟ್ಟ ಇಳಿದ ತಿಂಗಳು ಪಂಪ್ ನಿಲ್ಲಬೇಕು. ನಿಧಿಯ ಗಳಿಕೆ ಹಂಚುವ ದಿನ ಬಂದಾಗ ಶಿರ್ಗಾಂವದ ರೈತನ ಹೆಸರಿನ ಕೆಳಗೆ, ಅಷ್ಟೇ ಮೊತ್ತದ ಎದುರು, ಝುವಾರಿನಗರದ ಗಾರೆ ಕೆಲಸದವಳ ಹೆಸರೂ ಇರಬೇಕು.